ಮತ್ತೆ ಕುದಿಸಿ ಬಡಿಸಿದ ಅಡುಗೆಯಿಂದಲೂ ವಾಂತಿಭೇದಿ ಬರಲು ಸಾಧ್ಯವೇ?

ಶ್ರೀರಂಗಪಟ್ಟಣದವಳು

ಇತ್ತೀಚೆಗೆ ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪನ ಮಗನ ಬೀಗರ ಊಟ ನಡೆಯಿತು. ಮಧ್ಯಾಹ್ನ ಒಂದೂವರೆಯ ಪಂಕ್ತಿಯಲ್ಲಿ ಕುಳಿತ ಅನೇಕರಿಗೆ ನಾಲ್ಕು ಗಂಟೆಯ ಹೊತ್ತಿಗೆಲ್ಲ ವಾಂತಿ ಹಿಡಿಯಿತು. ಯಾರಿಗೂ ಜ್ವರವಿರಲಿಲ್ಲ. ಮಾಂಸವನ್ನು ಮುಟ್ಟದೆ ಬರೀ ತುಪ್ಪದ ಅನ್ನ ಮತ್ತು ತಿಳಿಸಾರು ಉಂಡಿದ್ದ ನಮ್ಮ ಅತ್ತೆಯವರೂ ಅವರಲ್ಲಿ ಒಬ್ಬರು. ಇನ್ನು ಕೆಲವರಿಗೆ ಆ ದಿನ ಏನೂ ಆಗದೆ, ಮರುದಿನ ಬೆಳಗಿನ ಜಾವ ವಿಪರೀತ ಹೊಟ್ಟೆನುಲಿತ ಮತ್ತು ಭೇದಿ ಕಾಣಿಸಿತು. ಈಗ ಎಲ್ಲರೂ ಚೇತರಿಸಿಕೊಂಡಿದ್ದಾರೆ.

ಅಡುಗೆ ವಹಿಸಿಕೊಂಡಿದ್ದವರು ಒಪ್ಪುತ್ತಿಲ್ಲ. ಅನ್ನವನ್ನು ಬೆಳಗಿನ ಜಾವ ಮೂರು ಗಂಟೆಗೆ ಬಸಿದು, ಬಡಿಸುವ ಮುನ್ನ ತುಪ್ಪದ ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿದೆವು, ಹಿಂದಿನ ರಾತ್ರಿಯೇ ಮಾಡಿಟ್ಟಿದ್ದ ಮಟನ್ ಸಾರನ್ನು ಕೊತಕೊತ ಕುದಿಸಿದೆವು, ಕುದಿದ ಮೇಲೆ ಯಾವ ಕ್ರಿಮಿಯೂ ಉಳಿಯುವುದಿಲ್ಲವಾದ್ದರಿಂದ ದೋಷವೇನಿದ್ದರೂ ನಿಮ್ಮೂರಿನ ನೀರಿನದು ಎಂಬುದು ಅವರ ವಾದ. ಈ ಮಾತಿನಲ್ಲಿ ಹುರುಳಿದೆಯೇ? ವಿಷಯ ಬಲ್ಲವರು ದಯವಿಟ್ಟು ವಿವರಿಸಬೇಕು.

ಟಿ. ನರಸೀಪುರದ ಓದುಗ

ಮೊದಲು ನೀರನ್ನೇ ಪರೀಕ್ಷೆಗೆ ಕಳುಹಿಸಿ, ಉಳಿದ ಮಾತನ್ನು ಆಮೇಲೆ ಆಡಬಹುದು.

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ನೀರಿನ ಪರೀಕ್ಷೆ ಅಗತ್ಯವಾಗಿ ಆಗಲಿ. ಆದರೆ ಎರಡೂವರೆ ಗಂಟೆಯೊಳಗೆ, ಜ್ವರವಿಲ್ಲದೆ, ಒಂದೇ ಪಂಕ್ತಿಯ ಹಲವರಿಗೆ ವಾಂತಿಯಾಯಿತೆಂದರೆ ನನ್ನ ಸಂಶಯ ನೀರಿಗಿಂತ ಅನ್ನದ ಮೇಲೆಯೇ ಹೋಗುತ್ತದೆ. ನೀರಿನಿಂದ ಬರುವ ಸೋಂಕುಗಳಲ್ಲಿ ಕ್ರಿಮಿ ಕರುಳಿಗೆ ಇಳಿದು, ಅಲ್ಲಿ ಬೆಳೆದು, ಅನಂತರ ಕಾಯಿಲೆ ತರಬೇಕಾಗುವುದರಿಂದ ಸಾಮಾನ್ಯವಾಗಿ ಅರ್ಧ ದಿನದಿಂದ ಕೆಲವು ದಿನಗಳವರೆಗೆ ಸಮಯ ಹಿಡಿಯುತ್ತದೆ. ಎರಡು ಮೂರು ಗಂಟೆಯಲ್ಲಿ ವಾಂತಿಯಾಯಿತೆಂದರೆ, ವಿಷವು ಎಲೆಗೆ ಬೀಳುವ ಮೊದಲೇ ಆಹಾರದಲ್ಲಿ ತಯಾರಾಗಿತ್ತೆಂದು ತಿಳಿಯಬೇಕು.

ಹೀಗೆ ಮಾಡಬಲ್ಲ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಬ್ಯಾಸಿಲಸ್ ಸೀರಿಯಸ್. ಇದು ಗದ್ದೆಯ ಮಣ್ಣಿನಲ್ಲಿ ಇರುವಂಥದ್ದು, ಅಲ್ಲಿಂದ ಅಕ್ಕಿಯ ಜೊತೆ ಅಡುಗೆಮನೆಗೆ ಬರುತ್ತದೆ. ಅದರ ಬೀಜಕಗಳು, ಅಂದರೆ ಸ್ಪೋರ್‌ಗಳು, ಅನ್ನ ಬೇಯುವ ಶಾಖದಲ್ಲಿ ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುತ್ತಾ ಬೆಚ್ಚಗಿರುವ ಹೊತ್ತಿನಲ್ಲಿ ಅವು ಮೊಳೆತು ಬೆಳೆದು ಸೆರ್ಯುಲೈಡ್ ಎಂಬ ವಿಷವನ್ನು ತಯಾರಿಸುತ್ತವೆ. ಇದು 121 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದು ಗಂಟೆಗೂ ಹೆಚ್ಚು ಕಾಲ ತಡೆದುಕೊಳ್ಳುತ್ತದೆ, ಜಠರದ ಆಮ್ಲಕ್ಕೂ ಬಗ್ಗುವುದಿಲ್ಲ. ಹೀಗಿರುವಾಗ ತುಪ್ಪದ ಒಗ್ಗರಣೆ ಏನು ಮಾಡೀತು? ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಹಿಂದಿನ ದಿನ ಬೇಯಿಸಿಟ್ಟ ಅನ್ನದಿಂದ ಮಾಡಿದ ಫ್ರೈಡ್ ರೈಸ್ ತಿಂದವರು ಒಂದರಿಂದ ಐದು ಗಂಟೆಯೊಳಗೆ ವಾಂತಿ ಮಾಡಿಕೊಂಡ ಪ್ರಕರಣಗಳಿಂದಲೇ 1970ರ ದಶಕದಲ್ಲಿ ಈ ಕಾಯಿಲೆಯ ಪರಿಚಯ ಜಗತ್ತಿಗೆ ಸರಿಯಾಗಿ ಆಯಿತು.

ಎರಡನೆಯದು ಸ್ಟೆಫೈಲೋಕಾಕಸ್ ಆರಿಯಸ್. ಇದು ಬರುವುದು ಮನುಷ್ಯರ ಮೂಗು, ಚರ್ಮ ಮತ್ತು ಕೀವು ತುಂಬಿದ ಗಾಯಗಳಿಂದ. ಬ್ಯಾಕ್ಟೀರಿಯಾ ಕುದಿಯುವುದಕ್ಕಿಂತ ಎಷ್ಟೋ ಮೊದಲೇ ಸಾಯುತ್ತದೆ, ಆದರೆ ಅದು ಆಹಾರದಲ್ಲಿ ಬಿಟ್ಟುಹೋದ ವಿಷ ಅರ್ಧ ಗಂಟೆ ಕುದಿಸಿದರೂ ಉಳಿಯಬಲ್ಲದು. ಒಂದು ಮೈಕ್ರೋಗ್ರಾಂನಷ್ಟು ಅಥವಾ ಅದಕ್ಕಿಂತಲೂ ಕಡಿಮೆ ವಿಷ ಸಾಕು, ಹೊಟ್ಟೆಯ ನರಗಳನ್ನು ಕೆರಳಿಸಿ ಮೆದುಳಿನ ವಾಂತಿಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ.

ಆದ್ದರಿಂದ ಅಡುಗೆಯವರು ಹೇಳಿದಂತೆ ಕ್ರಿಮಿ ಸತ್ತಿರಬಹುದು, ಆದರೆ ಕ್ರಿಮಿ ಸತ್ತ ಮಾತ್ರಕ್ಕೆ ಅದರ ವಿಷವೂ ನಾಶವಾಯಿತೆಂದು ಹೇಳಲಾಗುವುದಿಲ್ಲ. ಮುಂಜಾನೆ ಮೂರರಿಂದ ಮಧ್ಯಾಹ್ನ ಒಂದೂವರೆಯವರೆಗೆ ಆ ಅನ್ನ ಎಲ್ಲಿತ್ತು, ಎಷ್ಟು ದಪ್ಪ ರಾಶಿಯಾಗಿತ್ತು ಎಂಬುದನ್ನು ಅವರನ್ನು ಕೇಳಬೇಕು.

ಕೆ.ಆರ್. ಪೇಟೆ ಹಳ್ಳಿಯವನು

ಮೇಡಂ, ತಮ್ಮ ವಿದ್ವತ್ತಿಗೆ ಗೌರವವಿದೆ, ಆದರೆ ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಅಜ್ಜಿಯವರು ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಬೆರೆಸಿ ಜೀವಮಾನವೆಲ್ಲ ಉಂಡರು, ನಮಗೂ ಉಣ್ಣಿಸಿದರು. ಹೊತ್ತು ಕಳೆದ ಅನ್ನವೆಲ್ಲ ವಿಷವೆಂದಾದರೆ ತಂಗಳನ್ನ ಉಂಡು ಬೆಳೆದ ನಾವೆಲ್ಲ ಇಂದು ಹೇಗೆ ಉಳಿದಿದ್ದೇವೆ? ಹಳೆಯ ಊಟವನ್ನು ಹೆದರಿಸಿ ಬಿಡಿಸುವ ಇಂಥ ಮಾತುಗಳಿಂದ ಜನ ಪ್ಯಾಕೆಟ್ ತಿಂಡಿಗೆ ಬೀಳುತ್ತಿದ್ದಾರೆ ಎಂಬುದು ನನ್ನ ನಿಜವಾದ ಕಳವಳ.

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ನಿಮ್ಮ ಅಜ್ಜಿಯವರ ಪದ್ಧತಿ ಒಳ್ಳೆಯದು, ಅದರ ಹಿಂದೆ ಕಾರಣವೂ ಇದೆ. ನೀರಿನಲ್ಲಿ ಮುಳುಗಿದ ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಬೆಳೆದು ಅದನ್ನು ಹುಳಿಯಾಗಿಸುತ್ತವೆ, ಹುಳಿ ಹೆಚ್ಚಾದಂತೆ ಬ್ಯಾಸಿಲಸ್ ಸೀರಿಯಸ್ ಬೆಳೆಯಲಾರದೆ ಹಿಂದೆ ಸರಿಯುತ್ತದೆ. ಮೇಲಾಗಿ ಅದು ಮನೆಮಂದಿಗಾಗುವಷ್ಟು ಅನ್ನ, ಮಣ್ಣಿನ ಮಡಕೆಯಲ್ಲಿ ತಣ್ಣೀರು ಬಿದ್ದೊಡನೆ ಆರುತ್ತದೆ. ಐವತ್ತು ಕಿಲೋ ಅಕ್ಕಿಯ ಅನ್ನದ ರಾಶಿಯ ನಡುಭಾಗವಾದರೋ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹೊತ್ತು ಕಳೆದದ್ದೆಲ್ಲ ವಿಷವೆಂದು ನಾನು ಹೇಳಲಿಲ್ಲ. ಹುಳಿಯಿಲ್ಲದ ಅನ್ನ ಬೆಚ್ಚಗಿನ ಸ್ಥಿತಿಯಲ್ಲಿ ಬಹಳ ಹೊತ್ತು ಕುಳಿತರೆ ಅಪಾಯವೆಂದಷ್ಟೇ ಹೇಳಿದೆ.

ಮೇಲುಕೋಟೆ ಬೀದಿ

ನಮ್ಮೂರಿನ ಪುಳಿಯೋಗರೆಯ ವಿಷಯವನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಅನ್ನವನ್ನು ಅಗಲವಾಗಿ ಹರಡಿ, ಉದುರಾಗಿ ಆರಿಸಿ, ಆಮೇಲೆ ಚೆನ್ನಾಗಿ ಬತ್ತಿಸಿದ ಹುಣಸೆಯ ಗೊಜ್ಜನ್ನು ಎಣ್ಣೆಯ ಸಹಿತ ಬೆರೆಸುವುದು ಕ್ರಮ. ಯಾತ್ರೆಗೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಹಿರಿಯರು ಪುಳಿಯೋಗರೆಯನ್ನೇ ಆರಿಸಿಕೊಂಡದ್ದು ಆ ಹುಳಿಯ ಬಲದಿಂದಲೇ ಇರಬೇಕು.

ಮಾನಸಗಂಗೋತ್ರಿ ವಿದ್ಯಾರ್ಥಿ

ಒಂದು ತಿದ್ದುಪಡಿಯನ್ನು ಸೇರಿಸಲೇಬೇಕು. ಹುಣಸೆಹುಳಿ ಮುಂದಿನ ಬೆಳವಣಿಗೆಯನ್ನು ತಡೆಯಬಲ್ಲದು, ಆಗಲೇ ತಯಾರಾಗಿರುವ ಸೆರ್ಯುಲೈಡನ್ನು ಅದು ಅಳಿಸಲಾರದು. ಹೊಸ ಅನ್ನಕ್ಕೆ ಗೊಜ್ಜು ಕಲಸುವುದು ಬೇರೆ, ನಿನ್ನೆಯಿಂದ ಹೊರಗೇ ಉಳಿದ ಅನ್ನವನ್ನು ಬೆಳಿಗ್ಗೆ ಗೊಜ್ಜು ಹಾಕಿ ದಾಟಿಸುವುದು ಬೇರೆ. ಚಿತ್ರಾನ್ನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ವಿಷವನ್ನು ಬರೀ ವಾಂತಿಯೆಂದು ಹಗುರವಾಗಿ ಕಾಣುವವರಿಗಾಗಿ ಇನ್ನೊಂದು ಮಾತು. ಸೆರ್ಯುಲೈಡ್ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನು ಕೆಡಿಸುತ್ತದೆ, ಪ್ರಮಾಣ ಹೆಚ್ಚಾದರೆ ಯಕೃತ್ತು ಕುಸಿಯಬಹುದು. 2008ರಲ್ಲಿ ಬೆಲ್ಜಿಯಂನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಾಗೆಟಿಯನ್ನು ಬಿಸಿ ಮಾಡಿ ತಿಂದು ಅದೇ ರಾತ್ರಿ ತೀರಿಕೊಂಡನು. ಅಂಥದ್ದು ಅಪರೂಪ ನಿಜ, ಆದರೆ ಅವನೂ ಅದನ್ನು ಬಿಸಿ ಮಾಡಿಯೇ ತಿಂದಿದ್ದನು.

ನಂಜನಗೂಡು ಅಡುಗೆ ಕಂಟ್ರಾಕ್ಟರ್

ನಾನು ಇದೇ ಕಸುಬಿನವನು, ಆದ್ದರಿಂದ ನಮ್ಮ ಕಡೆಯ ಮಾತನ್ನೂ ಆಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮುಹೂರ್ತ, ಛತ್ರದ ಸಮಯ, ಮೊದಲ ಪಂಕ್ತಿಯ ಗಡಿಬಿಡಿ ಇವೆಲ್ಲವನ್ನೂ ಮನೆಯವರೇ ನಿಗದಿ ಮಾಡಿ, ಸಾವಿರ ಜನಕ್ಕೆ ಎರಡು ಒಲೆ ಕೊಟ್ಟರೆ ಅಡುಗೆಯನ್ನು ರಾತ್ರಿಯೇ ಆರಂಭಿಸದೆ ಬೇರೆ ದಾರಿಯಿರುವುದಿಲ್ಲ. ನಾವು ಅನ್ನವನ್ನು ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ ತೆಳ್ಳಗೆ ಹರಡುತ್ತೇವೆ. ಸಾಲು ಸಾಲಾಗಿ ಬೇಯಿಸಿ ಬಿಸಿಯಾಗಿಯೇ ಬಡಿಸಲು ಹೆಚ್ಚು ಒಲೆ, ಹೆಚ್ಚು ಆಳು ಬೇಕು, ಆ ಖರ್ಚಿಗೆ ಮನೆಯವರು ಒಪ್ಪುವುದಿಲ್ಲ. ತಪ್ಪೆಲ್ಲ ಅಡುಗೆಯವರದೇ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಇನ್ನೊಂದು ಪ್ರಶ್ನೆ: ಕೈಗೆ ಸಣ್ಣ ಗಾಯವಾದ ಆಳುಗಳನ್ನು ಬಡಿಸುವ ಕೆಲಸಕ್ಕೆ ಬಿಡಬಹುದೇ? ಬಟ್ಟೆ ಕಟ್ಟಿಕೊಂಡರೆ ಸಾಲದೇ?

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ಬಟ್ಟೆ ಕಟ್ಟಿದರೆ ಸಾಲದು. ತಮ್ಮ ಪ್ರಶ್ನೆಗೆ 1975ರ ಫೆಬ್ರುವರಿಯ ಒಂದು ಘಟನೆಯೇ ಉತ್ತರ. ಟೋಕಿಯೊದಿಂದ ಅಲಾಸ್ಕಾದ ಆಂಕರೇಜ್ ಮಾರ್ಗವಾಗಿ ಯುರೋಪಿಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಬೆಳಗಿನ ಉಪಾಹಾರದ ಆಮ್ಲೆಟ್ ತಿಂದ ಸುಮಾರು 200 ಜನ ಕೋಪನ್‌ಹೇಗನ್ ತಲುಪುವ ವೇಳೆಗೆ ವಾಂತಿಭೇದಿಯಿಂದ ಕುಸಿದರು. ಆಂಕರೇಜ್‌ನ ಅಡುಗೆಮನೆಯಲ್ಲಿ ಹ್ಯಾಮ್ ಚೂರುಗಳನ್ನು ಜೋಡಿಸಿದ ಅಡುಗೆಯವರೊಬ್ಬರ ಬೆರಳುಗಳಲ್ಲಿ ಕೀವುಗುಳ್ಳೆಗಳಿದ್ದವು, ಅವುಗಳ ಮೇಲೆ ಪಟ್ಟಿಯೂ ಇತ್ತು. ಆ ತಟ್ಟೆಗಳು ಗಂಟೆಗಟ್ಟಲೆ ಸಾಕಷ್ಟು ತಂಪಿಲ್ಲದ ಜಾಗದಲ್ಲಿದ್ದದ್ದೇ ಸ್ಟೆಫೈಲೋಕಾಕಸ್ ವಿಷ ತಯಾರಿಸಲು ಸಾಕಾಯಿತು. ಗಾಯ ಮಾಗುವವರೆಗೆ ಆ ಹುಡುಗನಿಗೆ ಪಾತ್ರೆ ಸಾಗಿಸುವ ಕೆಲಸ ಕೊಡಿ, ಕೂಲಿ ಮಾತ್ರ ಕಡಿಮೆ ಮಾಡಬೇಡಿ, ಏಕೆಂದರೆ ಕೂಲಿ ಹೋಗುವುದೆಂದರೆ ಯಾರೂ ಗಾಯವನ್ನು ಹೇಳಿಕೊಳ್ಳುವುದಿಲ್ಲ.

ಒಲೆಯ ಸಂಖ್ಯೆಯ ಬಗ್ಗೆ ತಾವು ಹೇಳಿದ್ದು ಸರಿಯಾಗಿದೆ. ಅಡುಗೆಯನ್ನು 60 ಡಿಗ್ರಿಗಿಂತ ಮೇಲಿಟ್ಟು ಬಡಿಸಬೇಕು, ಅದಾಗದಿದ್ದರೆ ಬೇಗ ಆರಿಸಿ 5 ಡಿಗ್ರಿಗಿಂತ ಕೆಳಗಿಡಬೇಕು. ಇವೆರಡರ ನಡುವೆ ಅಡುಗೆ ಕಳೆಯುವ ಹೊತ್ತಿನಲ್ಲಿಯೇ ಅಪಾಯವಿರುವುದು, ಆ ಹೊತ್ತನ್ನು ನಿರ್ಧರಿಸುವವರು ಮನೆಯವರೂ ಹೌದು.

ಶ್ರೀರಂಗಪಟ್ಟಣದವಳು

ಈ ವಿವರಣೆಗಳನ್ನು ಓದಿ ಮತ್ತೆ ವಿಚಾರಿಸಿದೆ. ಅನ್ನವನ್ನು ಹರಡಿರಲಿಲ್ಲ, ಜಾಗವಿಲ್ಲದೆ ದೊಡ್ಡ ಬುಟ್ಟಿಗಳಲ್ಲಿ ತುಂಬಿ ಗೋಣಿ ಮುಚ್ಚಿದ್ದರಂತೆ. ಸಾರಿನ ಮೊದಲ ಕೊಪ್ಪರಿಗೆಯನ್ನು ಕುದಿಸಿದ್ದು ನಿಜ. ಎರಡನೆಯದನ್ನು ಬಿಸಿ ಮಾಡಲು ಪುರುಸೊತ್ತಾಗದೆ, ಖಾಲಿಯಾದಂತೆ ಅದರಿಂದ ತೋಡಿ ಮೊದಲನೆಯದಕ್ಕೆ ಸುರಿದರಂತೆ. ಬೆಳಗಿನ ಜಾವ ಭೇದಿಯಾದವರೆಲ್ಲ ಕೊನೆಯ ಪಂಕ್ತಿಗಳಲ್ಲಿ ಸಾರು ಉಂಡವರೇ.

ಮಾನಸಗಂಗೋತ್ರಿ ವಿದ್ಯಾರ್ಥಿ

ಹಾಗಾದರೆ ಅದು ಬೇರೆಯೇ ವಿಷವಿರಬಹುದು. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬುದು ಮಾಂಸದ ದೊಡ್ಡ ಅಡುಗೆಗಳಲ್ಲಿ ಕಾಣುವ, ಗಾಳಿ ಬೇಡದ ಬ್ಯಾಕ್ಟೀರಿಯಾ. ಇದರ ಬೀಜಕಗಳೂ ಬೇಯಿಸಿದಾಗ ಉಳಿಯುತ್ತವೆ. ಕೊಪ್ಪರಿಗೆಯ ಆಳದಲ್ಲಿ ಸಾರು 45 ಡಿಗ್ರಿಯ ಆಸುಪಾಸಿನಲ್ಲಿರುವಾಗ ಅದು ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆದರೆ ಇದು ಕಾಯಿಲೆ ತರುವಷ್ಟು ವಿಷವನ್ನು ಸಾರಿನಲ್ಲಿ ಮಾಡುವುದಿಲ್ಲ. ಜೀವಂತ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಹೊಟ್ಟೆ ಸೇರಿ, ಕರುಳಿನಲ್ಲಿ ಮತ್ತೆ ಬೀಜಕಗಳಾಗುವಾಗ ವಿಷವನ್ನು ಬಿಡುತ್ತವೆ. ಆದ್ದರಿಂದಲೇ ಆರರಿಂದ 24 ಗಂಟೆ ಹಿಡಿಯುತ್ತದೆ, ವಾಂತಿ ಕಡಿಮೆ, ಹೊಟ್ಟೆನುಲಿತವೇ ಹೆಚ್ಚು. ಇಲ್ಲಿ ಮಾತ್ರ ನಿಮ್ಮ ಅಡುಗೆಯವರ ವಾದ ಸರಿಯೆನಿಸುತ್ತದೆ: ಎರಡನೆಯ ಕೊಪ್ಪರಿಗೆಯನ್ನೂ ಚೆನ್ನಾಗಿ ಕುದಿಸಿದ್ದರೆ ಈ ಬ್ಯಾಕ್ಟೀರಿಯಾಗಳು ಸತ್ತು, ಭೇದಿ ತಪ್ಪುತ್ತಿತ್ತು.

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ಊಹೆ ಸಮಂಜಸವಾಗಿದೆ, ಆದರೆ ಪರೀಕ್ಷೆಯಿಲ್ಲದೆ ಎರಡು ಬ್ಯಾಕ್ಟೀರಿಯಾಗಳನ್ನು ಕರೆತರುವುದಕ್ಕೆ ನಾನು ಹಿಂಜರಿಯುತ್ತೇನೆ. ಬ್ಯಾಸಿಲಸ್ ಸೀರಿಯಸ್ ಕೂಡ ಕರುಳಿನಲ್ಲಿ ಬೇರೊಂದು ವಿಷವನ್ನು ತಯಾರಿಸಿ ಎಂಟರಿಂದ ಹದಿನಾರು ಗಂಟೆಯ ಬಳಿಕ ಭೇದಿ ತರಬಲ್ಲದು.

ಮಾನಸಗಂಗೋತ್ರಿ ವಿದ್ಯಾರ್ಥಿ

ಕೊನೆಯ ಪಂಕ್ತಿಗಳ ಸಾರಿಗೂ ಭೇದಿಗೂ ಇಷ್ಟು ಸ್ಪಷ್ಟ ನಂಟು ಕಾಣುತ್ತಿರುವಾಗ ನನ್ನ ಅಭಿಪ್ರಾಯವನ್ನು ಬದಲಿಸಲು ಕಾರಣ ಕಾಣುವುದಿಲ್ಲ, ಮೇಡಂ.

ಮಂಡ್ಯದ ಶುಶ್ರೂಷಕಿ

ಇಂಥ ಸಂದರ್ಭದಲ್ಲಿ ಉಳಿದ ಅಡುಗೆಯನ್ನು ಚೆಲ್ಲಬೇಡಿ ಎಂದು ಎಲ್ಲರಲ್ಲೂ ವಿನಂತಿಸುತ್ತೇನೆ. ಅನ್ನ, ಸಾರುಗಳನ್ನು ಬೇರೆ ಬೇರೆ ಶುದ್ಧ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಟ್ಟು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ದಿನವೇ ತಿಳಿಸಿದರೆ ಮಾದರಿ ಸಂಗ್ರಹಿಸುವ ವ್ಯವಸ್ಥೆಯಾಗುತ್ತದೆ. ಯಾರು ಏನನ್ನು ಉಂಡರು, ಎಷ್ಟು ಗಂಟೆಗೆ ಉಂಡರು, ಎಷ್ಟು ಗಂಟೆಗೆ ಕಾಯಿಲೆ ಬಿದ್ದರು ಎಂಬುದನ್ನು ಬರೆದಿಡಿ. ಏನೂ ಆಗದವರು ಉಂಡದ್ದನ್ನೂ ಬರೆದುಕೊಂಡರೆ ಮಾತ್ರ ಹೋಲಿಸಲು ಬರುತ್ತದೆ.

ಚಾಮರಾಜನಗರ ರಸ್ತೆ

ಊಟದ ನಂತರ ಕುಸಿದವರೆಲ್ಲರನ್ನೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರಿಸಬಾರದು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ದೇವಸ್ಥಾನದ ಪ್ರಸಾದದಲ್ಲಿ ಇದ್ದದ್ದು ಕ್ರಿಮಿನಾಶಕ. ಬಾಯಲ್ಲಿ ನೊರೆ, ವಿಪರೀತ ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಉಸಿರಾಟದ ಕಷ್ಟ ಕಂಡರೆ ಒಂದು ನಿಮಿಷವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹುಣಸೂರಿನ ತಾಯಿ

ಬಾಟುಲಿಸಂ ಎಂಬ ಕಾಯಿಲೆಯ ಹೆಸರನ್ನು ಕೇಳಿದ್ದೇನೆ. ಅದೂ ಹೀಗೆ ಕುದಿಸಿದರೂ ಉಳಿಯುವ ವಿಷವೇ? ಮನೆಯಲ್ಲಿ ವರ್ಷಕ್ಕಾಗುವಷ್ಟು ಮಾವಿನ ಉಪ್ಪಿನಕಾಯಿ ಹಾಕುತ್ತೇವೆ, ಅದಕ್ಕಾಗಿ ಕೇಳುತ್ತಿದ್ದೇನೆ.

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ಅದು ಇದಕ್ಕೆ ತದ್ವಿರುದ್ಧ, ತಾಯಿ. ಮನುಷ್ಯ ಬಲ್ಲ ವಿಷಗಳಲ್ಲೆಲ್ಲ ಅತ್ಯಂತ ತೀಕ್ಷ್ಣವಾದ ಬಾಟುಲಿನಮ್ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಅದೊಂದು ದೊಡ್ಡ ಪ್ರೋಟೀನ್, ಬೆಂದ ಮೊಟ್ಟೆಯ ಬಿಳಿಯಂತೆ ಶಾಖಕ್ಕೆ ತನ್ನ ಆಕಾರ ಕಳೆದುಕೊಂಡು ನಿಷ್ಕ್ರಿಯವಾಗುತ್ತದೆ. ಸೆರ್ಯುಲೈಡ್ ಹಾಗೆ ಮಡಚಿದ ದೊಡ್ಡ ಪ್ರೋಟೀನ್ ಅಲ್ಲ, ಬಿಗಿಯಾದ ಸಣ್ಣ ಉಂಗುರದಂಥ ಅಣು, ಬಿಚ್ಚಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಇನ್ನು ಹುಳಿ, ಉಪ್ಪು ಚೆನ್ನಾಗಿರುವ ಮಾವಿನ ಉಪ್ಪಿನಕಾಯಿಯಲ್ಲಿ ಬಾಟುಲಿನಮ್ ಬ್ಯಾಕ್ಟೀರಿಯಾ ಬೆಳೆಯಲಾರದು. ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಹೊರಗಿಡುವ ಬೆಳ್ಳುಳ್ಳಿಯ ಬಗ್ಗೆ ಎಚ್ಚರ ಬೇಕು.

ಮಂಡ್ಯದ ಶುಶ್ರೂಷಕಿ

ಉಪ್ಪಿನಕಾಯಿಗಿಂತ ನನಗೆ ಜೇನುತುಪ್ಪದ ಚಿಂತೆ ಹೆಚ್ಚು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಜೇನಿನಲ್ಲಿ ಬಾಟುಲಿನಮ್ ಬೀಜಕಗಳಿರುವ ಸಾಧ್ಯತೆಯಿದ್ದು, ಎಳೆಗೂಸಿನ ಕರುಳಿನಲ್ಲಿ ಅವು ಮೊಳೆತು ವಿಷವನ್ನು ಬಿಡಬಲ್ಲವು. ದೊಡ್ಡವರ ಕರುಳಿನಲ್ಲಿ ಆಗಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದಕ್ಕೆ ಎಡೆಕೊಡುವುದಿಲ್ಲ. ಮೊದಲು ಮಲಬದ್ಧತೆ, ಬಳಿಕ ಕ್ಷೀಣವಾದ ಅಳು, ಹಾಲು ಚೀಪಲಾಗದಿರುವುದು, ಕತ್ತು ಜೋತುಬೀಳುವುದು ಇದರ ಲಕ್ಷಣಗಳು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನನ್ನು ಕೊಡಲೇಬಾರದು, ಅಜ್ಜಿಯರು ಬೇಸರ ಮಾಡಿಕೊಂಡರೂ ಸರಿಯೆ.

ಮದ್ದೂರಿನ ಕಬ್ಬು ಬೆಳೆಗಾರ

ಕಬ್ಬು ಕಡಿಯುವಾಗ ಮಚ್ಚು ತಾಗಿದರೆ ಧನುರ್ವಾಯು ಬರುವುದೂ ಬ್ಯಾಕ್ಟೀರಿಯಾದ ವಿಷದಿಂದಲೇ ಅಲ್ಲವೇ? ತುಕ್ಕು ಹಿಡಿದ ಮಚ್ಚಾದರೆ ಮಾತ್ರ ಅಪಾಯವೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ.

ಮಾನಸಗಂಗೋತ್ರಿ ವಿದ್ಯಾರ್ಥಿ

ತುಕ್ಕಿಗೂ ಧನುರ್ವಾಯುವಿಗೂ ನೇರ ಸಂಬಂಧವಿಲ್ಲ, ಅಣ್ಣ. ಬೀಜಕಗಳಿರುವುದು ಮಣ್ಣು ಮತ್ತು ಸಗಣಿಗೊಬ್ಬರದಲ್ಲಿ. ಹೊಳೆಯುವ ಮಚ್ಚೇ ಆಗಲಿ, ಕಬ್ಬಿನ ಕೂಳೆಯೇ ಆಗಲಿ, ಆಳವಾಗಿ ಚುಚ್ಚಿ ಮಣ್ಣನ್ನು ಒಳಗೆ ತಳ್ಳಿದರೆ ಗಾಳಿಯಾಡದ ಆ ಗಾಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಗಾಯದಲ್ಲಿಯೇ ಉಳಿಯುತ್ತದೆ, ಅದರ ವಿಷ ಮಾತ್ರ ನರದೊಳಗೆ ಹಿಮ್ಮುಖವಾಗಿ ಸಾಗಿ ಬೆನ್ನುಹುರಿಯನ್ನು ಸೇರುತ್ತದೆ. ಸ್ನಾಯುಗಳನ್ನು ಸಡಿಲಿಸುವ ಸಂಕೇತಗಳನ್ನು ಅದು ಅಲ್ಲಿ ತಡೆಯುವುದರಿಂದ ದವಡೆ ಕಚ್ಚಿಕೊಂಡು ಮೈಯೆಲ್ಲ ಬಿಲ್ಲಿನಂತೆ ಸೆಟೆಯುತ್ತದೆ. ಬಾಟುಲಿನಮ್ ಇದರ ರಕ್ತಸಂಬಂಧಿಯೇ. ಎರಡೂ ನರತುದಿಯ ಒಂದೇ ಗುಂಪಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ, ಆದರೆ ಬಾಟುಲಿನಮ್ ಸ್ನಾಯುವಿನ ಬಳಿಯೇ ಕೆಲಸ ಮಾಡುವುದರಿಂದ ಅಲ್ಲಿ ಮೈ ಸೆಟೆಯದೆ ಸೋತು ಬೀಳುತ್ತದೆ.

ಮದ್ದೂರಿನ ಕಬ್ಬು ಬೆಳೆಗಾರ

ನಮ್ಮ ಊರಿನಲ್ಲಿ ಒಬ್ಬರು ಧನುರ್ವಾಯುವಿನಿಂದ ಬದುಕಿ ಬಂದರು. ಒಮ್ಮೆ ಬಂದು ಹೋದ ಮೇಲೆ ಅವರಿಗೆ ಇನ್ನು ಚುಚ್ಚುಮದ್ದು ಬೇಕಿಲ್ಲವಲ್ಲ?

ಮಂಡ್ಯದ ಶುಶ್ರೂಷಕಿ

ಖಂಡಿತವಾಗಿಯೂ ಬೇಕು. ಈ ವಿಷ ಎಷ್ಟು ತೀಕ್ಷ್ಣವೆಂದರೆ, ಜೀವ ತೆಗೆಯುವಷ್ಟು ಪ್ರಮಾಣವೂ ದೇಹಕ್ಕೆ ಪ್ರತಿರೋಧ ಶಕ್ತಿಯನ್ನು ಕಲಿಸಲು ಸಾಲದು. ಕಾಯಿಲೆಯಿಂದ ಎದ್ದವರಿಗೂ ಲಸಿಕೆಯಿಂದಲೇ ರಕ್ಷಣೆ. ಈಗ ಟಿ.ಟಿ. ಬದಲು ಗಂಟಲುಮಾರಿಯನ್ನೂ ತಡೆಯುವ ಟಿ.ಡಿ. ಕೊಡಲಾಗುತ್ತಿದೆ. ಗರ್ಭಿಣಿಯರಿಗೆ ಲಸಿಕೆ, ಆಸ್ಪತ್ರೆಯ ಹೆರಿಗೆ, ಹೊಕ್ಕುಳಬಳ್ಳಿಗೆ ಸಗಣಿ ಬೂದಿ ಹಚ್ಚದಿರುವುದು ಇವೆಲ್ಲ ಕೂಡಿದ್ದರಿಂದಲೇ 2015ರಲ್ಲಿ ಭಾರತವು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂಬ ಮನ್ನಣೆಯನ್ನು ಪಡೆಯಿತು.

ವಿಜಯನಗರ ಎರಡನೇ ಹಂತ

ಇಷ್ಟೆಲ್ಲ ಚರ್ಚೆ ಏಕೆ? ವಾಂತಿಭೇದಿ ಕಂಡೊಡನೆ ಮೆಡಿಕಲ್ ಸ್ಟೋರಿನಿಂದ ಒಂದು ಆ್ಯಂಟಿಬಯೋಟಿಕ್ ತಂದು ನುಂಗಿದರೆ ಎಲ್ಲವೂ ಸರಿಹೋಗುತ್ತದೆ.

ಕುವೆಂಪುನಗರದ ನಿವೃತ್ತ ಉಪನ್ಯಾಸಕಿ

ದಯವಿಟ್ಟು ಹೀಗೆ ಸಲಹೆ ಕೊಡಬೇಡಿ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು, ಅನ್ನದಲ್ಲಿ ಆಗಲೇ ತಯಾರಾಗಿ ಹೊಟ್ಟೆ ಸೇರಿದ ವಿಷವನ್ನು ಮುಟ್ಟುವುದೂ ಇಲ್ಲ. ಕೆಲವೊಮ್ಮೆ ಅದು ಹಾನಿಯನ್ನೇ ಮಾಡುತ್ತದೆ. ಶೀಗಾ ವಿಷವನ್ನು ಉತ್ಪಾದಿಸುವ ಇ. ಕೋಲಿ ಸೋಂಕಿನಲ್ಲಿ ರಕ್ತಭೇದಿಯಾಗುತ್ತದೆ, ಆಗ ಕೆಲವು ಆ್ಯಂಟಿಬಯೋಟಿಕ್‌ಗಳಿಂದ ಬ್ಯಾಕ್ಟೀರಿಯಾ ಇನ್ನಷ್ಟು ವಿಷವನ್ನು ಹೊರಚೆಲ್ಲಿ ಮಕ್ಕಳ ಮೂತ್ರಪಿಂಡಗಳು ಕೆಡುವ ಅಪಾಯವಿದೆ. ಭೇದಿ ನಿಲ್ಲಿಸುವ ಮಾತ್ರೆಗಳೂ ಅಲ್ಲಿ ಸಲ್ಲದು. ಮಲದಲ್ಲಿ ರಕ್ತ ಕಂಡರೆ ವೈದ್ಯರಲ್ಲಿಗೇ ಹೋಗಬೇಕು.

ಸರಸ್ವತಿಪುರಂ ನಿವಾಸಿ

ಕಾಲರಾವನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಕಾಲರಾ ಕ್ರಿಮಿ ವಿಷದ ಮೂಲಕ ಕೊಲ್ಲುತ್ತದೆಂದು ರಾಬರ್ಟ್ ಕಾಖ್ 1884ರಲ್ಲಿಯೇ ಊಹಿಸಿದ್ದರೂ, ಅದನ್ನು ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. 1959ರಲ್ಲಿ ಅವರು ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಕಟ್ಟಿದ ಭಾಗಕ್ಕೆ ಹಾಕಿದಾಗ, ಒಂದು ಕ್ರಿಮಿಯೂ ಇಲ್ಲದೆ ಕರುಳು ನೀರು ತುಂಬಿ ಉಬ್ಬಿತು. ಇಂಥ ಕೆಲಸಕ್ಕೆ ತಕ್ಕ ಗೌರವ ಅವರ ಜೀವಿತದಲ್ಲಿ ನಮ್ಮ ದೇಶದಲ್ಲೇ ಸಿಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಆ ವಿಷ ಕರುಳಿನ ಕೋಶಗಳಿಂದ ಲವಣ ಮತ್ತು ನೀರನ್ನು ಹೊರಗೆಳೆಯುತ್ತದೆ, ಆದರೆ ಸಕ್ಕರೆಯ ಜೊತೆ ಉಪ್ಪನ್ನು ಒಳಗೆ ಸೇರಿಸಿಕೊಳ್ಳುವ ದಾರಿಯನ್ನು ಕೆಡಿಸುವುದಿಲ್ಲ. ಸಕ್ಕರೆ, ಉಪ್ಪು ಬೆರೆಸಿ ಕುಡಿಸುವ ಓ.ಆರ್.ಎಸ್. ದ್ರಾವಣ ಕೆಲಸ ಮಾಡುವುದು ಆ ದಾರಿಯಿಂದಲೇ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ದಿಲೀಪ್ ಮಹಲನಬೀಸ್ ಅದನ್ನು ಕೊಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂದಿತು.

ಮದ್ದೂರಿನ ಕಬ್ಬು ಬೆಳೆಗಾರ

ನಮ್ಮ ಮದ್ದೂರಿನ ಎಳನೀರು ಇರುವಾಗ ಆ ಪೊಟ್ಟಣದ ಅಗತ್ಯವೇನಿದೆ? ವಾಂತಿಭೇದಿಗೆ ಎಳನೀರಿಗಿಂತ ಮಿಗಿಲಾದದ್ದು ಇನ್ನೊಂದಿಲ್ಲ.

ಮಂಡ್ಯದ ಶುಶ್ರೂಷಕಿ

ಎಳನೀರನ್ನು ಧಾರಾಳವಾಗಿ ಕುಡಿಯಿರಿ, ಆದರೆ ಓ.ಆರ್.ಎಸ್. ಬದಲಿಗೆ ಅಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆ, ಭೇದಿಯಲ್ಲಿ ಮುಖ್ಯವಾಗಿ ನಷ್ಟವಾಗುವುದು ಸೋಡಿಯಂ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಬೆರೆಸಿ, ಒಂದೊಂದೇ ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಆರಂಭಿಸಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ಅಥವಾ ಕರೆದರೆ ಎಚ್ಚರಗೊಳ್ಳದೆ ಮಂಕಾಗಿದ್ದರೆ ಮನೆಯಲ್ಲಿ ಕಾಯಬೇಡಿ.

ಕೆ.ಆರ್. ಪೇಟೆ ಹಳ್ಳಿಯವನು

ಅಕ್ಕಿಯ ಗಂಜಿಗೆ ಉಪ್ಪು ಹಾಕಿ ಕೊಡುವ ನಮ್ಮ ರೂಢಿಯಾದರೂ ಸರಿಯಾಗಿದೆಯೇ, ಅಥವಾ ಅದನ್ನೂ ಬಿಡಬೇಕೇ?

ಮಂಡ್ಯದ ಶುಶ್ರೂಷಕಿ

ಅದನ್ನು ಬಿಡುವ ಅಗತ್ಯವಿಲ್ಲ. ಗಂಜಿಯ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗಿ ಒಡೆದು ಉಪ್ಪನ್ನು ಒಳಗೆ ಕರೆದೊಯ್ಯುತ್ತದೆ, ಕಾಲರಾದಲ್ಲಿ ಅಕ್ಕಿಹಿಟ್ಟಿನಿಂದ ಮಾಡಿದ ಓ.ಆರ್.ಎಸ್. ಚೆನ್ನಾಗಿ ಕೆಲಸ ಮಾಡಿದೆ. ಗಂಜಿ ತೆಳ್ಳಗಿರಲಿ, ಉಪ್ಪು ಅಳತೆ ಮೀರದಿರಲಿ, ಆಯಾ ಹೊತ್ತಿಗೆ ಹೊಸದಾಗಿ ಕಾಯಿಸಿಕೊಳ್ಳಿ.